ಹಾಲು ಸಮರೂಪ ಮಿಶ್ರಣವಲ್ಲ
ಮಿಶ್ರಣಗಳ ಕುರಿತ ನಿಮ್ಮ ಲೇಖನದ ಪಟ್ಟಿಯಲ್ಲಿ ಹಾಲನ್ನು ಉಪ್ಪುನೀರಿನ ಜೊತೆ ಸಮರೂಪ ಮಿಶ್ರಣಕ್ಕೆ (ಎಲ್ಲೆಡೆ ಒಂದೇ ಸಮ ಬೆರೆತದ್ದು) ಸೇರಿಸಿದ್ದೀರಿ. ದಯವಿಟ್ಟು ತಿದ್ದಿ, ಮಕ್ಕಳು ಇದನ್ನೇ ಪರೀಕ್ಷೆಯಲ್ಲಿ ಬರೆಯುತ್ತಾರೆ. ಹಾಲು ಕಲಿಲ (ಕೊಲಾಯ್ಡ್), ಅಂದರೆ ಅತಿ ಸಣ್ಣ ಕಣಗಳು ಕರಗದೆ ದ್ರವದಲ್ಲಿ ಹರಡಿಕೊಂಡಿರುವ ಮಿಶ್ರಣ. ಬರಿಗಣ್ಣಿಗೆ ಒಂದೇ ಸಮ ಕಂಡರೂ ಸೂಕ್ಷ್ಮದರ್ಶಕದಲ್ಲಿ ಕೊಬ್ಬಿನ ಗುಂಡುಗಳು ಬೇರೆಬೇರೆಯಾಗಿ ತೇಲುವುದು ಕಾಣುತ್ತದೆ.

ತರಗತಿಯಲ್ಲಿ ತೋರಿಸುವುದು ಸುಲಭ. ಎರಡು ಗಾಜಿನ ಲೋಟಗಳಲ್ಲಿ ತಲಾ 200 ಮಿಲೀ ಡಿಸ್ಟಿಲ್ಡ್ ನೀರು ತೆಗೆದುಕೊಳ್ಳಿ. ಒಂದಕ್ಕೆ ಒಂದು ಚಮಚ ಸಕ್ಕರೆ, ಇನ್ನೊಂದಕ್ಕೆ ಎರಡೇ ಹನಿ ಹಾಲು. ಕೋಣೆ ಕತ್ತಲಾಗಿಸಿ, ಲೇಸರ್ ಪಾಯಿಂಟರನ್ನು ಯಾರ ಕಣ್ಣಿಗೂ ಬೀಳದಂತೆ ಪಕ್ಕದಿಂದ ಹಾಯಿಸಿ. ಹಾಲಿನ ಲೋಟದಲ್ಲಿ ಬೆಳಕಿನ ಗೆರೆ ಸ್ಪಷ್ಟ, ಸಕ್ಕರೆಯದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಲಿಲದ ಕಣಗಳು ಬೆಳಕನ್ನು ಚದುರಿಸಿ ಅದರ ದಾರಿ ಕಾಣುವಂತೆ ಮಾಡುವ ಇದೇ ಟಿಂಡಾಲ್ ಪರಿಣಾಮ.

ಪ್ರಯೋಗ ಕೆಡುವುದು ಎರಡು ಕಡೆ. ಹಾಲು ಹೆಚ್ಚಾದರೆ ಬೆಳಕು ಎಲ್ಲೆಡೆ ಚದುರಿ ಲೋಟವೇ ಹೊಳೆಯುತ್ತದೆ, ಗೆರೆ ಮಾಯ. ನಲ್ಲಿ ನೀರು ಬಳಸಿದರೆ ಅದರಲ್ಲಿನ ದೂಳಿನ ಕಣಗಳಿಂದಾಗಿ ಸಕ್ಕರೆ ದ್ರಾವಣದಲ್ಲೂ ಗೆರೆ ಮೂಡಬಹುದು.

ಸೋಸಿ ನೋಡುವ ಪರೀಕ್ಷೆ ಇಲ್ಲಿ ಸಾಲದು. ಕಲಿಲದ ಕಣಗಳು ಸುಮಾರು 1ರಿಂದ 1000 ನ್ಯಾನೋಮೀಟರ್. ಹಾಲಿನ ಕೇಸಿನ್ ಎಂಬ ಪ್ರೋಟೀನಿನ ಕಣಗಳು ಈ ಮಿತಿಯೊಳಗಿದ್ದು ಸಾಮಾನ್ಯ ಫಿಲ್ಟರ್ ಕಾಗದದಲ್ಲಿ ನುಸುಳಿಹೋಗುತ್ತವೆ. ಕೊಬ್ಬಿನ ಗುಂಡುಗಳಲ್ಲಿ ಹಲವು ಇದಕ್ಕಿಂತ ದೊಡ್ಡವು, ಕಾಯಿಸದ ಹಾಲಲ್ಲೂ ಕೆನೆ ಮೇಲೇರುವುದು ಅದಕ್ಕೇ.