ಪತ್ತೇದಾರಿ ಕಾದಂಬರಿಗೆ ಬೈಂಡು ಹಾಕುವುದೇಕೆ?

ವಿರಾಜಪೇಟೆ ಕಡೆಯ ಒಂದು ಮನೆ. ಹುತ್ತರಿಗೆ ಬಂದ ನೆಂಟರೆಲ್ಲ ಜಗಲಿಯಲ್ಲಿದ್ದರು. ಕಿಟಕಿಯ ಕಟ್ಟೆಯ ಮೇಲೆ ಹಳೆಯ ಕ್ಯಾಲೆಂಡರ್ ಹಾಳೆಯ ಬೈಂಡು ಹಾಕಿದ ಪುಸ್ತಕವೊಂದಿತ್ತು. ಹಾಳೆಯ ಬಿಳಿ ಮಗ್ಗುಲು ಹೊರಗೆ, ಮೇಲೆ ಹೆಸರಿಲ್ಲ. ತೆರೆದರೆ ಒಳಗೆ ಕಾಫಿ ತೋಟದ ಬಂಗಲೆ, ಬಾವಿಕಟ್ಟೆಯ ಬಳಿ ಸಿಕ್ಕ ಬಳೆಚೂರು, ಯಾರನ್ನು ನಂಬಬೇಕೋ ಗೊತ್ತಾಗದ ಹುಡುಗಿ. ಅಪ್ಪಟ ಪ್ರೇಮದ ಕಥೆ, ಅಪ್ಪಟ ಪತ್ತೇದಾರಿ ಕಥೆ, ಎರಡೂ ಒಂದರಲ್ಲೇ. ಯಾರೂ ಏನೂ ಕೇಳದಿದ್ದರೂ ಮನೆಯಾಕೆ ಅವಸರದಲ್ಲಿ ಹೇಳಿದರು: "ಅದಾ? ಸುಮ್ಮನೆ, ಟೈಂಪಾಸಿಗೆ."

ಆ 'ಸುಮ್ಮನೆ' ಚುಚ್ಚಿತು.

ಕೊಯಮತ್ತೂರಿನಲ್ಲಿ ಇದ್ದು ರೂಢಿಯಾದವರಿಗೆ ಅದು ಚುಚ್ಚಲೇಬೇಕು. ಗಾಂಧಿಪುರಂ ಬಸ್ ನಿಲ್ದಾಣದ ಸುತ್ತಿನ ಅಂಗಡಿಗಳಲ್ಲಿ ಬಾಳೆಗೊನೆಯ ಪಕ್ಕ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಆ ತಿಂಗಳ ನಾವೆಲ್‌ಗಳನ್ನು ತೂಗುಹಾಕುತ್ತಾರೆ. ಕೆಲಸ ಮುಗಿಸಿ ಮನೆಗೆ ಹೊರಟ ಹೆಂಗಸು ಮಲ್ಲಿಗೆ ಮೊಳ ಹಿಡಿದ ಕೈಯಲ್ಲೇ ತೋರಿಸಿ, "ಅಣ್ಣಾ, ಇಂದ ಮಾಸ ಬುಕ್ಕು ವಂದಾಚಾ?" (ಈ ತಿಂಗಳ ಪುಸ್ತಕ ಬಂತಾ?) ಎಂದು ನಾಲ್ಕು ಜನರಿಗೆ ಕೇಳುವ ಹಾಗೆ ಕೇಳುತ್ತಾಳೆ. ಯಾರೂ ತಿರುಗಿ ನೋಡುವುದಿಲ್ಲ. ಅದನ್ನು ಸಾಹಿತ್ಯ ಎಂದು ಹೊಗಳುವವರೂ ಅಲ್ಲಿಲ್ಲ, ಕಸ ಎಂದು ಮೂಗು ಮುರಿಯುವವರೂ ಇಲ್ಲ. ಹಾಲು, ಹೂವು, ನಾವೆಲ್. ಅಷ್ಟೇ.

ಆ ಊರಿನವರೇ ಆದ ತಮಿಳು ಲೇಖಕ ರಾಜೇಶ್ ಕುಮಾರ್ 1,500ಕ್ಕೂ ಹೆಚ್ಚು ಕಾದಂಬರಿ ಬರೆದಿದ್ದಾರೆ. ಇನ್ನೊಬ್ಬ ತಮಿಳು ಲೇಖಕ ಪಟ್ಟುಕ್ಕೋಟ್ಟೈ ಪ್ರಭಾಕರ್ ಅವರ ಪತ್ತೇದಾರಿ ಜೋಡಿ ಭರತ್ ಮತ್ತು ಸುಶೀಲಾ ಕೊಲೆಗಾರನ ಬೆನ್ನು ಹತ್ತುತ್ತಲೇ ಒಬ್ಬರನ್ನೊಬ್ಬರು ರೇಗಿಸುತ್ತಿರುತ್ತಾರೆ. ನ್ಯೂಸ್‌ಪ್ರಿಂಟ್ ಕಾಗದ, ನೂರು ಪುಟದ ಆಸುಪಾಸು, ಪಿನ್ನು ಹೊಡೆದ ಪುಸ್ತಕ. ಸತ್ಯಮಂಗಲದ ದಾರಿಯಲ್ಲಿ ಮೈಸೂರಿಗೆ ಬರುವ ಬಸ್ಸಿನಲ್ಲಿ ಒಂದು ಪುಸ್ತಕ ಸರಿಯಾಗಿ ಮುಗಿಯುತ್ತದೆ. ಬಣ್ಣಾರಿಯಲ್ಲಿ ಮುಚ್ಚಿಡಬೇಕು, ಏಕೆಂದರೆ ದಿಂಬಂ ಘಾಟಿಯ 27 ತಿರುವಿನಲ್ಲಿ ಓದಿದರೆ ಹೊಟ್ಟೆ ತೊಳಸುತ್ತದೆ. ಹಾಸನೂರಿನಲ್ಲಿ ಮತ್ತೆ ತೆರೆದರೆ ಚಾಮರಾಜನಗರ ಬರುವಷ್ಟರಲ್ಲಿ ಕೊಲೆಗಾರ ಸಿಕ್ಕಿರುತ್ತಾನೆ.

ನಮ್ಮಲ್ಲಿ ಇದು ಇರಲಿಲ್ಲವೇ? ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಪ್ರತಿ ನವೆಂಬರ್ 1ಕ್ಕೆ ನಾವು ಹಾರಿಸುವ ಹಳದಿ ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ರಾಜ್ಯೋತ್ಸವದ ಭಾಷಣಗಳಲ್ಲಿ ಬಾವುಟದ ಮಾತು ಬರುತ್ತದೆ, ಕಾದಂಬರಿಯ ಮಾತು ಬರುವುದಿಲ್ಲ. ಕೊಡಗಿನ ಮಟ್ಟಿಗಂತೂ ಈ ಮರೆವು ಅನ್ಯಾಯ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಓದು ಕನ್ನಡ. ಅಂಥ ಮನೆಗಳ ಮಕ್ಕಳಿಗೆ ಪಠ್ಯಪುಸ್ತಕ ಅಕ್ಷರ ಕಲಿಸಿತು, ಆದರೆ ಸರಸರ ಓದುವುದನ್ನು ಕಲಿಸಿದ್ದು ಮುಂದಿನ ಪುಟದಲ್ಲಿ ಏನಾಗುತ್ತದೋ ಎಂಬ ಆತುರ. ಆ ಆತುರವನ್ನು 'ಸುಮ್ಮನೆ' ಎಂದರೆ ಹೇಗೆ?

ಸುಮ್ಮನೆ ಓದುವ ಪುಸ್ತಕಗಳಲ್ಲ ಇವು. ಒಳ್ಳೆಯ ಪ್ರೇಮ ಪತ್ತೇದಾರಿಯಲ್ಲಿ ಎರಡು ಗಂಟುಗಳಿರುತ್ತವೆ. ಕೊಂದವರು ಯಾರು ಎಂಬುದು ಒಂದು. ಇವಳು ಮನಸ್ಸು ಕೊಟ್ಟವನೇ ಕೊಂದವನಾಗಿರಬಹುದೇ ಎಂಬುದು ಇನ್ನೊಂದು. ಎರಡೂ ಒಟ್ಟಿಗೆ ಬಿಚ್ಚಬೇಕು. ನಮ್ಮ ಎಷ್ಟೋ ಕಾದಂಬರಿಗಳು ಕೆಡುವುದು ಇಲ್ಲೇ: ಅರ್ಧಕ್ಕೇ ನಾಯಕ ಸಂಭಾವಿತ ಎಂದು ಸಾಬೀತಾಗಿ ಮದುವೆ ಮಾತು ನಡೆದುಬಿಡುತ್ತದೆ. ಉಳಿದರ್ಧಕ್ಕೆ ಕೊಲೆ ಇರುತ್ತದೆ, ಭಯ ಇರುವುದಿಲ್ಲ. ಇನ್ನೊಂದು ದೋಷ, ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಪ್ರತ್ಯಕ್ಷವಾಗುವ ಅವಳಿ ತಮ್ಮ. ಇಂಗ್ಲೆಂಡಿನ ಪಾದ್ರಿ, ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲೇ 10 ನಿಯಮ ಬರೆದು, ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಳ್ಳಬೇಕು, ಅವಳಿಗಳನ್ನು ಮುನ್ಸೂಚನೆ ಇಲ್ಲದೆ ತರಬಾರದು ಎಂದಿದ್ದರು.

ಓದುವವರಿಗೂ ಒಂದು ಕ್ರಮವಿದೆ. ಹಿಂಬದಿ ರಟ್ಟಿನ ಸಾರಾಂಶ ಓದಬೇಡಿ, ಅರ್ಧ ಕಥೆ ಅಲ್ಲೇ ಹೇಳಿಬಿಟ್ಟಿರುತ್ತಾರೆ. ಒಂದು ಚೀಟಿಯಲ್ಲಿ ಮೂರು ಸಾಲು ಗೆರೆ ಎಳೆದುಕೊಳ್ಳಿ: ಹೆಸರು, ಆ ರಾತ್ರಿ ಎಲ್ಲಿದ್ದ, ಹಾಗೆಂದು ಹೇಳಿದವರು ಯಾರು. ಮೂರನೆಯದೇ ಮುಖ್ಯ. 'ಮಡಿಕೇರಿಗೆ ಹೋಗಿದ್ದೆ' ಎಂದು ಅವನೊಬ್ಬನೇ ಹೇಳಿದ್ದರೆ ಅಲ್ಲಿ ಪೆನ್ಸಿಲ್ಲಿನ ಚುಕ್ಕೆ ಇರಲಿ. ಮೇಜಿನ ಮೇಲೆ ಐದು ವಸ್ತು ಇದ್ದವು ಎಂದು ಲೇಖಕ ಪಟ್ಟಿ ಕೊಟ್ಟರೆ ಸುಳಿವು ಬಹುಪಾಲು ನಡುವೆ ಕೂತಿರುತ್ತದೆ, ಕಣ್ಣು ಮೊದಲಿನದನ್ನೂ ಕೊನೆಯದನ್ನೂ ಮಾತ್ರ ಹಿಡಿಯುತ್ತದೆ. ಇನ್ನು ಪ್ರೇಮದ ದೃಶ್ಯವನ್ನು ಹಾರಿಸಿ ಓದುವ ಗಂಡಸರು ಪ್ರತಿ ಸಲ ಮೋಸ ಹೋಗುತ್ತಾರೆ. ಸುಳಿವು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಓದುಗರೆಲ್ಲ ಅವನ ಕಣ್ಣು ನೋಡುತ್ತಿರುವಾಗ ಅವನ ಅಂಗಿಯ ತೋಳಿನಲ್ಲಿ ಗುಂಡಿ ಇಲ್ಲ ಎಂಬ ಸಾಲು ಸದ್ದಿಲ್ಲದೆ ದಾಟಿಹೋಗುತ್ತದೆ. ಮೂರರಲ್ಲಿ ಎರಡು ಪಾಲು ಮುಗಿದಾಗ ನಿಂತು, ನಿಮ್ಮ ಅನುಮಾನ ಯಾರ ಮೇಲೆ ಎಂದು ಬರೆದಿಟ್ಟು ಮುಂದೆ ಹೋಗಿ. ಮಲಗಬೇಕೆಂದಿದ್ದರೆ ಅಧ್ಯಾಯದ ಕೊನೆಯಲ್ಲಿ ನಿಲ್ಲಿಸಬೇಡಿ, ಕೊಕ್ಕೆ ಇರುವುದೇ ಅಲ್ಲಿ. ನಡುವೆ ನಿಲ್ಲಿಸಿ.

ಇಷ್ಟು ಗಮನ ಬೇಡುವ ಓದನ್ನು ನಮ್ಮವರು ಬಚ್ಚಿಡುತ್ತಾರೆ. ಬಚ್ಚಿಟ್ಟರೆ ಅಂಗಡಿಯಲ್ಲಿ ಕೇಳುವುದಿಲ್ಲ. ಕೇಳದಿದ್ದರೆ ಅಂಗಡಿಯವರು ತರಿಸುವುದಿಲ್ಲ. ತರಿಸದಿದ್ದರೆ ಹೊಸಬರು ಬರೆಯುವುದಿಲ್ಲ. ಆಮೇಲೆ 'ಕನ್ನಡದಲ್ಲಿ ಈಗ ಅಂಥವು ಎಲ್ಲಿ ಬರ್ತವೆ' ಎಂದು ನಾವೇ ಕೇಳುತ್ತೇವೆ. ಈಗ ಮೊಬೈಲಿನಲ್ಲಿ ಕಂತು ಕಂತಾಗಿ ಇಂಥ ಕಥೆಗಳನ್ನು ಓದುವ ಕನ್ನಡದ ಹೆಂಗಸರು ಬಹಳ. ಕಾರಣ ಕೇಳಬೇಕೆ? ಮೊಬೈಲಿಗೆ ಬೈಂಡು ಹಾಕುವ ಅಗತ್ಯವಿಲ್ಲ, ಏನು ಓದುತ್ತಿದ್ದಾರೆಂದು ಅತ್ತೆಗೂ ತಿಳಿಯುವುದಿಲ್ಲ.

ಉಳಿದ ಹಳೆಯ ಪುಸ್ತಕಗಳ ಗತಿ ಬೇರೆ. ಕೊಯಮತ್ತೂರಿನ ಒಣ ಹವೆಯಲ್ಲಿ ನ್ಯೂಸ್‌ಪ್ರಿಂಟ್ ಕಾಗದ ಹಳದಿಯಾಗುತ್ತದೆ, ಅಷ್ಟೇ. ಮಡಿಕೇರಿಯಲ್ಲಿ ಸುರಿಯುವುದು ವರ್ಷಕ್ಕೆ 120 ಇಂಚಿನ ಆಸುಪಾಸು. ಪಿನ್ನು ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿಯುತ್ತದೆ, ಸುತ್ತ ಕಂದು ಕಲೆ ಹರಡುತ್ತದೆ, ತೂತು ದೊಡ್ಡದಾಗುತ್ತದೆ. ಆಮೇಲೆ ಹಿಂದಿನ ರಟ್ಟು, ಅದರ ಹಿಂದೆಯೇ ಕೊನೆಯ ಫಾರಂ, ಎಂದರೆ 16 ಪುಟ ಒಟ್ಟಿಗೆ. ಪತ್ತೇದಾರಿಯಲ್ಲಿ ಆ 16 ಪುಟ ಹೋದರೆ ಉಳಿದದ್ದು ಇದ್ದೂ ಇಲ್ಲ. ಒದ್ದೆಯಾದ ಪುಸ್ತಕವನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಬೇಡಿ, ಗೋಂದು ಒಣಗಿ ಬಿರುಕು ಬಿಡುತ್ತದೆ. ಇಪ್ಪತ್ತಿಪ್ಪತ್ತು ಪುಟಕ್ಕೊಂದು ಪೇಪರ್ ಹಾಳೆ ಇಟ್ಟು, ಮೇಲೆ ಹದವಾದ ಭಾರ ಹೇರಿ, ಬೆಳಿಗ್ಗೆ ಸಂಜೆ ಹಾಳೆ ಬದಲಿಸಿ. ಬೂಷ್ಟು ಬಂದರೆ ಜಗಲಿಗೆ ಒಯ್ದು ಒಣ ಬಟ್ಟೆಯಲ್ಲೇ ಒರೆಸಿ, ಒದ್ದೆ ಬಟ್ಟೆ ಅದನ್ನು ಹರಡುತ್ತದೆ. ಕಪಾಟು ಹೊರಗೋಡೆಗೆ ತಾಗದೆ ಎರಡು ಬೆರಳು ದೂರ ಇರಲಿ.

ಒಂದು ಮಾತು ಒಪ್ಪಬೇಕು. ತಿಂಗಳಿಗೊಂದು ಬರುವ ತಮಿಳು ನಾವೆಲ್‌ನಲ್ಲಿ ಊರು ನಿಲ್ಲುವುದಿಲ್ಲ. ಬಸ್ಸಿಳಿದ ಮೇಲೆ ಕೊಲೆಗಾರನ ಹೆಸರೂ ನೆನಪಿರುವುದಿಲ್ಲ, ಓದಿದವರು ಪುಸ್ತಕವನ್ನು ಸೀಟಿನಲ್ಲೇ ಬಿಟ್ಟು ಹೋಗುವುದೂ ಉಂಟು. ಕೊಡಗಿನ ಆಟಿ ತಿಂಗಳಾದ ಕಕ್ಕಡದ ಮಳೆಯಲ್ಲಿ, ಕರೆಂಟು ಹೋಗಿ ಮೂರು ದಿನವಾದ ಮನೆಯಲ್ಲಿ, ಚಿಮಣಿ ಬೆಳಕಿನಲ್ಲಿ ಓದುವ 250 ಪುಟದ ನಿಧಾನದ ಕನ್ನಡ ಕಾದಂಬರಿ ಕೊಡುವ ನಡುಕವನ್ನು ಗಾಂಧಿಪುರಂ ಕೊಡಲಾರದು. ಹೆಂಚಿನ ಮೇಲೆ ಬಿದ್ದ ಕೊಂಬೆಯ ಸದ್ದು ಪುಸ್ತಕದ ಒಳಗಿನದೋ ಹೊರಗಿನದೋ ಎಂದು ಒಂದು ಕ್ಷಣ ತಿಳಿಯುವುದೇ ಇಲ್ಲ.

ವಿರಾಜಪೇಟೆ ಕಡೆಯ ಆ ಪುಸ್ತಕದ ಬೈಂಡು ಬಿಚ್ಚಿದಾಗ ಒಳಮಗ್ಗುಲಿನಲ್ಲಿ ಜುಲೈ ತಿಂಗಳು ಕಂಡಿತು. ತಾರೀಕಿನ ಮನೆಗಳಲ್ಲಿ ಬೇರೆ ಬೇರೆ ಕೈಬರಹ: 'ದೊಡ್ಡಮ್ಮನ ಮನೆಗೆ', 'ಮೇಲಿನ ಲೈನಿಗೆ', 'ವಾಪಸ್ ಬಂತು', 'ಟೀಚರ್'. ಹತ್ತು ಕೈ ದಾಟಿದ್ದರೂ ಕೊನೆಯ ಫಾರಂ ಅಲುಗಿರಲಿಲ್ಲ. ತುಕ್ಕಿನ ಕಲೆ ಹಾಳೆಗೆ ಇಳಿದು ಅಲ್ಲೇ ನಿಂತಿತ್ತು. ಕ್ಯಾಲೆಂಡರಿನ ದಪ್ಪ ಕಾಗದ ಬೆನ್ನನ್ನು ಬಿಗಿಯಾಗಿ ಹಿಡಿದಿತ್ತು.