ತನ್ನ ಊರಿನ ಮಾತನ್ನು ಬಿಟ್ಟುಕೊಟ್ಟ ವಾರಪತ್ರಿಕೆ

ವಾರಪತ್ರಿಕೆಯೊಂದು ದೊಡ್ಡದೋ ಸಣ್ಣದೋ ಎಂಬುದನ್ನು ಅದರ ಪ್ರಸಾರ ಸಂಖ್ಯೆಯಿಂದ ಅಳೆಯುವುದು ನಮಗೆ ರೂಢಿಯಾಗಿದೆ. ಕ್ರೊಯೇಷಿಯಾದ 'ದಾನಿತ್ಸಾ'ದ ಮಟ್ಟಿಗೆ ಈ ಅಳತೆಗೋಲು ಕೆಲಸಕ್ಕೆ ಬಾರದು. ಆ ಪತ್ರಿಕೆ ಹೊರಟಾಗ ಅದನ್ನು ಯಾವ ನುಡಿಯಲ್ಲಿ, ಯಾವ ಕಾಗುಣಿತದಲ್ಲಿ ಅಚ್ಚು ಹಾಕಬೇಕೆಂಬುದೇ ಇನ್ನೂ ಇತ್ಯರ್ಥವಾಗಿರಲಿಲ್ಲ.

ದಾನಿತ್ಸಾ ಎಂದರೆ ನಸುಕಿನಲ್ಲಿ ಮೂಡುವ ಬೆಳ್ಳಿ. ಮೊದಲ ಸಂಚಿಕೆ ಝಾಗ್ರೆಬ್ ನಗರದಲ್ಲಿ 1835ರ ಜನವರಿ 10ರಂದು, ಒಂದು ಶನಿವಾರ, ಹೊರಬಂತು. ನಾಲ್ಕು ದಿನ ಮೊದಲು, ಜನವರಿ 6ರಂದು, ಲ್ಯುದೆವಿತ್ ಗಾಯ್ ತಮ್ಮ ಸುದ್ದಿಪತ್ರಿಕೆಯನ್ನು ಆರಂಭಿಸಿದ್ದರು. ಸಾಹಿತ್ಯ, ಚರಿತ್ರೆ, ಜನಪದ ಹಾಡುಗಳಿಗೆ ಮೀಸಲಾದ ದಾನಿತ್ಸಾ ಅದರ ವಾರದ ಪುರವಣಿ. ಆಗ ಗಾಯ್ ಅವರಿಗೆ ಇಪ್ಪತ್ತೈದು ವರ್ಷ. ನಾಡು ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದೊಳಗಿತ್ತು, ಆದ್ದರಿಂದ ಪತ್ರಿಕೆ ತೆಗೆಯಲು ವಿಯೆನ್ನಾದ ಅನುಮತಿ ಬೇಕಾಗಿತ್ತು. ನಾಡಿನ ಸಭೆಯ ಕಲಾಪ ಲ್ಯಾಟಿನ್‌ನಲ್ಲಿ, ಪಟ್ಟಣದ ಸಂಭಾವಿತರ ಓದು ಜರ್ಮನ್‌ನಲ್ಲಿ, ಅದರ ಮೇಲೆ ಹಂಗೇರಿಯನ್ ಭಾಷೆಯನ್ನು ಹೇರುವ ಒತ್ತಡ ಬೇರೆ. ಗಾಯ್ ಅವರ ಮೊದಲ ಪುಸ್ತಕವೂ ಜರ್ಮನ್ ಭಾಷೆಯದೇ. ತಮ್ಮ ಹುಟ್ಟೂರು ಕ್ರಾಪಿನಾದ ಸುತ್ತಲಿನ ಕೋಟೆಗಳ ಬಗ್ಗೆ ಬರೆದದ್ದು.

ಕ್ರೊಯೇಷಿಯಾದ ಮೂರು ನುಡಿಗಳಿಗೆ ಹೆಸರು ಬಂದದ್ದು 'ಏನು' ಎಂಬ ಪದದಿಂದ. ಝಾಗ್ರೆಬ್ ಸೀಮೆಯವರು 'ಕಾಯ್' ಎನ್ನುತ್ತಾರೆ, ಕರಾವಳಿಯ ಒಂದು ಭಾಗದವರು 'ಚಾ' ಎನ್ನುತ್ತಾರೆ, ಉಳಿದ ಬಹುಪಾಲು ಪ್ರದೇಶದವರು 'ಶ್ತೊ' ಎನ್ನುತ್ತಾರೆ. (ನಮ್ಮ ಬೆಳಗಾವಿ ಕಡೆಯವರಿಗೆ ಇಲ್ಲಿ ಮರಾಠಿಯ 'ಕಾಯ್' ನೆನಪಾದರೆ ತಪ್ಪೇನಿಲ್ಲ.) ಗಾಯ್ ಹುಟ್ಟಿ ಬೆಳೆದದ್ದು 'ಕಾಯ್' ಸೀಮೆಯಲ್ಲಿ. ಅವರ ಪತ್ರಿಕೆಯ ಮೊದಲ ವರ್ಷದ ಸಂಚಿಕೆಗಳು ಹೆಚ್ಚಾಗಿ ಆ ನುಡಿಯಲ್ಲೇ ಬಂದವು. 1836ರಲ್ಲಿ ಅವರು ಪತ್ರಿಕೆಯ ಹೆಸರನ್ನು 'ದಾನಿತ್ಸಾ ಇಲಿರ್‌ಸ್ಕಾ' (ಇಲಿರಿಯನ್ ದಾನಿತ್ಸಾ; ದಕ್ಷಿಣದ ಸ್ಲಾವರೆಲ್ಲರಿಗೂ ಗಾಯ್ ಬಳಸಿದ ಒಂದೇ ಹೆಸರು 'ಇಲಿರಿಯನ್') ಎಂದು ಬದಲಿಸಿ, ಮನೆಯ ನುಡಿಯನ್ನು ಬಿಟ್ಟು, 'ಶ್ತೊ' ನುಡಿಗೆ ದಾಟಿಬಿಟ್ಟರು. ಡುಬ್ರೊವ್ನಿಕ್‌ನ ಹಳೆಯ ಕಾವ್ಯಪರಂಪರೆ ಆ ನುಡಿಯಲ್ಲಿತ್ತು. ಸ್ಲವೋನಿಯಾ, ಡಾಲ್ಮೇಷಿಯಾ, ಬೋಸ್ನಿಯಾದ ಜನರನ್ನು ಒಟ್ಟಿಗೆ ಮುಟ್ಟಲು ಸಾಧ್ಯವಿದ್ದದ್ದೂ ಅದರಿಂದಲೇ. ಸಂಪಾದಕರೊಬ್ಬರು ತಮ್ಮ ಹತ್ತಿರದ ಓದುಗರ ಮಾತನ್ನು ಬಿಟ್ಟು ದೂರದ ಓದುಗರ ಮಾತನ್ನು ಕೈಗೆತ್ತಿಕೊಳ್ಳುವುದು ವ್ಯಾಪಾರದ ಲೆಕ್ಕದಲ್ಲಿ ಶುದ್ಧ ಹುಚ್ಚುತನ. ಆದರೆ ಆ ಪತ್ರಿಕೆ ಮಾಡಿದ ಅತಿ ದೊಡ್ಡ ಕೆಲಸ ಇದೇ ಎಂದು ನಾನು ತಿಳಿದಿದ್ದೇನೆ.

ಕಾಗುಣಿತದ ಕಥೆಯೂ ಇದಕ್ಕೆ ಅಂಟಿಕೊಂಡಿದೆ. ಚ, ಶ ಮುಂತಾದ ಧ್ವನಿಗಳಿಗೆ ಒಂದೊಂದು ಅಕ್ಷರವಿರುವ ಲಿಪಿಯಲ್ಲಿ ಬೆಳೆದ ನಮಗೆ ಅಂದಿನ ಅವರ ಪಾಡು ಅರ್ಥವಾಗುವುದು ಸ್ವಲ್ಪ ಕಷ್ಟ. ಲ್ಯಾಟಿನ್ ಲಿಪಿಯಲ್ಲಿ ಈ ಧ್ವನಿಗಳಿಗೆ ಅಕ್ಷರಗಳಿಲ್ಲದ ಕಾರಣ ಝಾಗ್ರೆಬ್‌ನವರು ಹಂಗೇರಿಯನ್ ರೀತಿಯಲ್ಲಿ, ಡಾಲ್ಮೇಷಿಯಾದವರು ಇಟಾಲಿಯನ್ ರೀತಿಯಲ್ಲಿ ಎರಡು ಮೂರು ಅಕ್ಷರಗಳನ್ನು ಪೋಣಿಸಿ ಬರೆಯುತ್ತಿದ್ದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಡವರಿಸಿ ಓದಬೇಕಿತ್ತು. 1830ರಲ್ಲೇ ಬುಡಾದಲ್ಲಿ (ಇಂದಿನ ಬುಡಾಪೆಸ್ಟ್‌ನ ಒಂದು ಭಾಗ) ಅಚ್ಚಾದ ಕಿರುಹೊತ್ತಗೆಯಲ್ಲಿ ಗಾಯ್ ಇದಕ್ಕೊಂದು ದಾರಿ ಸೂಚಿಸಿದ್ದರು: ಒಂದು ಧ್ವನಿಗೆ ಒಂದು ಅಕ್ಷರ, ನೆತ್ತಿಯ ಮೇಲೊಂದು ಗುರುತು. ಕೊನೆಗೆ ನೆಲೆನಿಂತದ್ದು ಜೆಕ್ ಭಾಷೆಯಿಂದ ಬಂದ ಪುಟ್ಟ ಕೊಕ್ಕೆ. ಹೊತ್ತಗೆಯಲ್ಲಿ ಬರಿಯ ಸಲಹೆಯಾಗಿದ್ದದ್ದು ಪ್ರತಿ ಶನಿವಾರ ಕಣ್ಣಿಗೆ ಬೀಳತೊಡಗಿದ ಮೇಲೆ ಅಭ್ಯಾಸವಾಯಿತು.

ಹತ್ತನೆಯ ಸಂಚಿಕೆಯ (1835ರ ಮಾರ್ಚ್ 14) ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅದರಲ್ಲಿ ಆಂತುನ್ ಮಿಹಾನೊವಿಚ್ ಅವರ 14 ಚರಣಗಳ ಕವಿತೆಯೊಂದು ಅಚ್ಚಾಯಿತು. ಶೀರ್ಷಿಕೆ 'ಕ್ರೊಯೇಷಿಯಾದ ತಾಯ್ನಾಡು' ಎಂಬರ್ಥದ್ದು. ಸಾವಾ ನದಿಗೆ ಹರಿಯೆಂದು ಹೇಳುವ ಆ ಪದ್ಯಕ್ಕೆ ಮುಂದೆ ಸೈನ್ಯದಲ್ಲಿದ್ದ ಯೋಸಿಪ್ ರುನ್ಯಾನಿನ್ ರಾಗ ಹಾಕಿದರೆಂದು ಪ್ರತೀತಿ. ಅದರ ಕೆಲವು ಚರಣಗಳೇ ಇಂದು ಕ್ರೊಯೇಷಿಯಾದ ರಾಷ್ಟ್ರಗೀತೆ. ಪುರವಣಿಯ ಪುಟದಲ್ಲಿ ಅದನ್ನು ಮೊದಲು ಓದಿದವರಿಗೆ ಅದು ಆ ವಾರದ ಒಂದು ಪದ್ಯ ಮಾತ್ರ.

ಹಾಗೆಂದು ಈ ಪತ್ರಿಕೆಯನ್ನು ಬರಿದೇ ಹೊಗಳಲು ನನಗೆ ಮನಸ್ಸಿಲ್ಲ. ತಿತುಶ್ ಬ್ರೆಜೊವಾಚ್ಕಿಯಂಥ ನಾಟಕಕಾರರು ಬರೆದಿದ್ದ 'ಕಾಯ್' ನುಡಿ, ಶತಮಾನಗಳ ಗ್ರಂಥಭಾಷೆ, ಈ ದಾಟುವಿಕೆಯಿಂದ ಮನೆಮಾತಿನ ಮೂಲೆಗೆ ಸರಿಯಿತು. ಎಲ್ಲರೂ ಇದನ್ನು ತೆಪ್ಪಗೆ ಒಪ್ಪಿಕೊಳ್ಳಲಿಲ್ಲ. ಇಗ್ನಾತ್ಸ್ ಕ್ರಿಸ್ತಿಯಾನೊವಿಚ್ ಎಂಬ ಪಾದ್ರಿ 1834ರಿಂದ 1850ರವರೆಗೆ ಹಳೆಯ ನುಡಿಯಲ್ಲೇ ವಾರ್ಷಿಕ ಪಂಚಾಂಗವೊಂದನ್ನು ಹೊರತರುತ್ತಾ ಬಂದರು. ಅದರ ಹೆಸರೂ 'ಝಾಗ್ರೆಬ್‌ನ ದಾನಿತ್ಸಾ'! ಒಂದೇ ಊರಿನ ಆಕಾಶದಲ್ಲಿ ಎರಡು ಬೆಳ್ಳಿ. ಗಾಯ್ ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಆದರೂ ಆ ಪಾದ್ರಿಯ ಹಟವನ್ನು ಮೂರ್ಖತನವೆಂದು ತಳ್ಳಿಹಾಕಲು ಮನಸ್ಸು ಬಾರದು. ಪತ್ರಿಕೆಯ ಒಳಗಿನವರಿಗೂ ಅಸಮಾಧಾನವಿತ್ತು. ಸಾಹಿತ್ಯದ ಗುಣಮಟ್ಟಕ್ಕಿಂತ ದೇಶಾಭಿಮಾನದ ಕೂಗು ಜೋರಾಯಿತೆಂದು ಬೇಸತ್ತ ಕವಿ ಸ್ತಾಂಕೊ ವ್ರಾಜ್, ಗೆಳೆಯರ ಜೊತೆ 1842ರಲ್ಲಿ 'ಕೊಲೊ' ಎಂಬ ಬೇರೆ ಪತ್ರಿಕೆ ಕಟ್ಟಿದರು.

1843ರ ಜನವರಿಯಲ್ಲಿ ವಿಯೆನ್ನಾ ಸರ್ಕಾರವು 'ಇಲಿರಿಯನ್' ಎಂಬ ಹೆಸರನ್ನೇ ನಿಷೇಧಿಸಿತು, ಪತ್ರಿಕೆ ಹಳೆಯ ಹೆಸರಿಗೆ ಮರಳಿತು. ಅದೇ ವರ್ಷದ ಮೇ 2ರಂದು ಇವಾನ್ ಕುಕುಲ್ಯೆವಿಚ್ ನಾಡಿನ ಸಭೆಯಲ್ಲಿ ಮೊದಲ ಬಾರಿಗೆ ಕ್ರೊಯೇಷಿಯನ್‌ನಲ್ಲಿ ಭಾಷಣ ಮಾಡಿದರು. 1847ರಲ್ಲಿ ಸಭೆ ಅದನ್ನು ಆಡಳಿತ ಭಾಷೆಯೆಂದು ನಿರ್ಣಯಿಸಿತು. ದಾನಿತ್ಸಾ 1849ರಲ್ಲಿ ನಿಂತಿತು. ಆಮೇಲೆ ಒಂದೆರಡು ಬಾರಿ ತಲೆಯೆತ್ತಿದರೂ ಮೊದಲಿನ ಕಸುವು ಮತ್ತೆ ಬರಲಿಲ್ಲ.

ದಕ್ಷಿಣದ ಸ್ಲಾವರೆಲ್ಲರನ್ನೂ 'ಇಲಿರಿಯನ್' ಎಂಬ ಒಂದೇ ಸೂರಿನಡಿ ಸೇರಿಸುವ ಗಾಯ್ ಅವರ ಆಸೆ ಕೈಗೂಡಲಿಲ್ಲ. ಸ್ಲೊವೀನರ ಪೈಕಿ ವ್ರಾಜ್ ಅವರಂಥ ಕೆಲವರಷ್ಟೇ ಬಂದರು, ಉಳಿದವರು ತಮ್ಮ ಭಾಷೆ ತಮಗೇ ಇರಲಿ ಎಂದು ದೂರ ನಿಂತರು. ಹಾಗೆ ದೂರ ನಿಂತವರೇ 1840ರ ದಶಕದಲ್ಲಿ ತಮ್ಮ ಹಳೆಯ ಕಾಗುಣಿತವನ್ನು ಬಿಟ್ಟು ಗಾಯ್ ಅವರ ಕೊಕ್ಕೆಯ ಅಕ್ಷರಗಳನ್ನು ತೆಗೆದುಕೊಂಡರು. ಆ ಲಿಪಿಗೆ ಅವರು ಇಂದಿಗೂ ಹೇಳುವ ಹೆಸರು 'ಗಾಯಿತ್ಸಾ'.