ತಡೆಯುವವರಿಲ್ಲದ ಆಟ

"ಅಪ್ಪ, ಇವರು ಯಾಕೆ ಯಾರನ್ನೂ ತಡೆಯುವುದೇ ಇಲ್ಲ?"

ಮಗಳು ಇದನ್ನು ಕೇಳಿದ್ದು ಎರಡನೇ ಕ್ವಾರ್ಟರ್ ನಡೆಯುತ್ತಿದ್ದಾಗ. 2024ರ ಫೆಬ್ರುವರಿ 18, ಇಂಡಿಯಾನಾಪೊಲಿಸ್‌ನ ಗೇನ್‌ಬ್ರಿಜ್ ಫೀಲ್ಡ್‌ಹೌಸ್, ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ದೊಡ್ಡ ಆಟಗಾರರು ವರ್ಷಕ್ಕೊಮ್ಮೆ ಸೇರಿ ಆಡುವ ಆಲ್‌ಸ್ಟಾರ್ ಪಂದ್ಯ. ನಾವು ಕೂತದ್ದು ಮೇಲೆ, ಸೂರಿಗೆ ತಲೆ ತಾಗುವ ಸಾಲಿನಲ್ಲಿ. ಆ ಟಿಕೆಟಿಗೆ ಎಷ್ಟು ಕೊಟ್ಟೆ ಎಂಬುದು ಹೆಂಡತಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಮಗಳು ಶಾಲೆಯ ತಂಡದಲ್ಲಿ ಆಡುತ್ತಾಳೆ. ಮಂಡಿ ಬಗ್ಗಿಸು, ಕೈ ಎತ್ತು, ಎದುರಿನವಳ ದಾರಿಗೆ ಅಡ್ಡ ನಿಲ್ಲು ಅಂತ ಅವಳ ಕೋಚ್ ವಾರವಿಡೀ ಬೊಬ್ಬೆ ಹೊಡೆಯುತ್ತಾರೆ. ಇಲ್ಲಿ ನೋಡಿದರೆ ಜಗತ್ತಿನ ಅತಿ ದೊಡ್ಡ ಆಟಗಾರರು, ಚೆಂಡು ಹಿಡಿದವನು ಬಂದ ಕೂಡಲೇ ಬದಿಗೆ ಸರಿದು ದಾರಿ ಬಿಡುತ್ತಿದ್ದಾರೆ. ಒಬ್ಬನಂತೂ ಸೊಂಟದ ಮೇಲೆ ಕೈ ಇಟ್ಟು, ತನ್ನ ಪಕ್ಕದಿಂದಲೇ ಹಾರಿ ಚೆಂಡನ್ನು ಬಳೆಯೊಳಗೆ ತುರುಕಿದವನನ್ನು ನೋಡಿ ನಗುತ್ತಿದ್ದ.

"ಇದು ಸುಮ್ಮನೆ ಖುಷಿಗೆ ಆಡುವುದು ಮಗಾ" ಎಂದೆ.

"ತಡೆದರೆ ಖುಷಿ ಇಲ್ವಾ?"

ಪಾಪ್‌ಕಾರ್ನ್ ತಿನ್ನು ಎಂದೆ.

ಕೊನೆಗೆ ಲೀಗಿನ ಪೂರ್ವ ಭಾಗದವರ ತಂಡ ಈಸ್ಟ್ 211, ಪಶ್ಚಿಮದವರ ವೆಸ್ಟ್ 186. ಆಲ್‌ಸ್ಟಾರ್ ಪಂದ್ಯದಲ್ಲಿ ಒಂದು ತಂಡ 200 ದಾಟಿದ್ದು ಅದೇ ಮೊದಲು. ಡೇಮಿಯನ್ ಲಿಲ್ಲರ್ಡ್ ಅಂಗಳದ ನಡುಗೆರೆಯ ಹತ್ತಿರದಿಂದೆಲ್ಲ ಎಸೆದು 39 ಅಂಕ ಮಾಡಿ ಅತ್ಯುತ್ತಮ ಆಟಗಾರ ಎನಿಸಿಕೊಂಡ. ಸೋತ ಕಡೆಯ ಕಾರ್ಲ್-ಆಂಥನಿ ಟೌನ್ಸ್ ಒಬ್ಬನದೇ 50. ಕೆಲವು ವರ್ಷ ಇಬ್ಬರು ನಾಯಕರು ಕೂತು ತಂಡ ಆರಿಸುವ ಪದ್ಧತಿ ಇತ್ತು. ಅದನ್ನು ಬಿಟ್ಟು ಹಳೆಯ ಈಸ್ಟ್-ವೆಸ್ಟ್‌ಗೆ ಮರಳಿದ್ದು ಆ ವರ್ಷವೇ, ಸ್ವಲ್ಪವಾದರೂ ಪೈಪೋಟಿ ಹುಟ್ಟಲಿ ಎಂಬ ಆಸೆಯಿಂದ. ಟ್ರೋಫಿ ಕೊಡುವಾಗ ಕಮಿಷನರ್ ಆಡಮ್ ಸಿಲ್ವರ್, ನೀವೇ ಹೆಚ್ಚು ಅಂಕ ಮಾಡಿದ್ದೀರಿ, ಅಭಿನಂದನೆ ಎಂಬಂತೆ ಎರಡು ಮಾತಾಡಿದರು. ಆ ಧಾಟಿಯಲ್ಲಿ ಅಭಿನಂದನೆಯೊಂದು ಬಿಟ್ಟು ಉಳಿದದ್ದೆಲ್ಲ ಇತ್ತು.

ಇದು ಬೇರೆ ಯಾವುದೋ ಊರಲ್ಲಿ ನಡೆದಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಇಂಡಿಯಾನಾ ಅಂದರೆ ಬಾಸ್ಕೆಟ್‌ಬಾಲ್ ಹುಚ್ಚಿನ ರಾಜ್ಯ. ಜೋಳದ ಗದ್ದೆಯ ಅಂಚಿನ ಮನೆಯಲ್ಲೂ ಗ್ಯಾರೇಜಿನ ಮೇಲೊಂದು ಬಳೆ ತೂಗುತ್ತಿರುತ್ತದೆ. ನಾವು ಈ ಊರಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಅಜ್ಜ ಬೇಲಿಯ ಆಚೆಯಿಂದ ಮೊದಲು ಹೇಳಿದ ಕಥೆ 1954ರ ಮೈಲನ್ ಶಾಲೆಯದು. ಮಕ್ಕಳೆಲ್ಲ ಸೇರಿ 161 ಇದ್ದ ಹಳ್ಳಿ ಶಾಲೆ, ದೊಡ್ಡ ಊರಿನ ಮನ್ಸಿ ಸೆಂಟ್ರಲ್ ಶಾಲೆಯನ್ನು ರಾಜ್ಯದ ಫೈನಲ್‌ನಲ್ಲಿ ಎದುರಿಸಿತು. ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕು ಎನ್ನುವ ಶಾಟ್ ಕ್ಲಾಕ್ ಇಲ್ಲದ ಕಾಲ. ಬಾಬಿ ಪ್ಲಂಪ್ ಎಂಬ ಹುಡುಗ ನಾಲ್ಕನೇ ಕ್ವಾರ್ಟರಿನಲ್ಲಿ ನಾಲ್ಕು ನಿಮಿಷಕ್ಕೂ ಮೇಲೆ ಚೆಂಡು ಹಿಡಿದು ಸುಮ್ಮನೆ ನಿಂತುಬಿಟ್ಟ. ಕೊನೆಯ ಗಳಿಗೆಯಲ್ಲಿ ಅವನೇ ಎಸೆದು ಗೆಲ್ಲಿಸಿದ. 32-30. ಎರಡೂ ಕಡೆಯದು ಕೂಡಿದರೆ 62 ಅಂಕ. ನಾನು ನೋಡಿದ ಪಂದ್ಯದಲ್ಲಿ 397. ಎಪ್ಪತ್ತು ವರ್ಷ ಕಳೆದರೂ ಆ ಅಜ್ಜ 62ರ ಕಥೆಯನ್ನು ಕೈ ಕುಣಿಸಿ ಹೇಳುತ್ತಾರೆ. 397ರ ಕಥೆಯನ್ನು ನಾನು ಮರುದಿನ ಆಫೀಸಿನಲ್ಲೇ ಹೇಳಲು ಹೋಗಿ ಅರ್ಧಕ್ಕೆ ಬಿಟ್ಟೆ. ಹೇಳುವುದಕ್ಕೆ ಏನಿತ್ತು?

1985ರಲ್ಲೂ ಇದೇ ಊರಲ್ಲಿ ಆಲ್‌ಸ್ಟಾರ್ ನಡೆದಿತ್ತು, ಹೂಸಿಯರ್ ಡೋಮ್‌ನಲ್ಲಿ. ಆಗಿನ್ನೂ ಹೊಸಬನಾಗಿದ್ದ ಮೈಕೆಲ್ ಜೋರ್ಡನ್‌ಗೆ ಹಿರಿಯರು ಬೇಕೆಂದೇ ಚೆಂಡು ಕೊಡಲಿಲ್ಲ ಎಂಬ ದೂರು ಎದ್ದು, ಆ ಹಿರಿಯರಲ್ಲೊಬ್ಬನಾದ ಐಸೇಯಾ ಥಾಮಸ್ ಅದನ್ನು ಅಲ್ಲಗಳೆದು, ಆ ಜಗಳ ಇನ್ನೂ ತಣ್ಣಗಾಗಿಲ್ಲ. ಜೋರ್ಡನ್ ಗಳಿಸಿದ್ದು ಬರೀ 7 ಅಂಕ. ದೂರು ನಿಜವೋ ಸುಳ್ಳೋ, ಆ ಕಾಲದಲ್ಲಿ ಹೊಟ್ಟೆಕಿಚ್ಚಾದರೂ ಇತ್ತಲ್ಲ ಮಾರಾಯರೆ ಅನಿಸುತ್ತದೆ. ಈಗಿನವರದು ಬರೀ ಅಪ್ಪುಗೆ.

ಆ ರಾತ್ರಿ ಹಿಮದ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬರುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಪುತ್ತೂರಿನ ಕಡೆಯ ಮಳೆಗಾಲ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮಲ್ಲಿ ನಕ್ಷತ್ರಗಳು ಸೇರುತ್ತಿದ್ದದ್ದು ತಾಳಮದ್ದಳೆಯಲ್ಲಿ, ಎಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ. ಕಾಸರಗೋಡಿನಿಂದ ಒಬ್ಬರು, ಉಡುಪಿಯಿಂದ ಒಬ್ಬರು, ಘಟ್ಟದ ಮೇಲಿನಿಂದ ಒಬ್ಬರು. ನೋಟೀಸು ಮನೆಗೆ ಬಂದರೆ ಅಪ್ಪ ಮೊದಲು ಪ್ರಸಂಗದ ಹೆಸರು ಓದುವುದಿಲ್ಲ, ಪಾತ್ರಗಳ ಮಾತಾಡುವ ಅರ್ಥಧಾರಿಗಳ ಹೆಸರು ಓದುತ್ತಾರೆ. "ವಾಲಿಗೆ ಇವರು, ರಾಮನಿಗೆ ಅವರಾ? ಹಾಗಾದರೆ ಹೋಗದೆ ಆಗುವುದಿಲ್ಲ." ಇಬ್ಬರು ದೊಡ್ಡವರು ಒಂದೇ ಚಾಪೆಯ ಮೇಲೆ ಕೂರುತ್ತಾರೆಂದರೆ ಒಬ್ಬರನ್ನೊಬ್ಬರು ಬಿಡುವುದಿಲ್ಲ ಎಂದೇ ಅರ್ಥ. ಹೆಸರಾಂತ ಅರ್ಥಧಾರಿಗಳಾದ ಶೇಣಿ ಗೋಪಾಲಕೃಷ್ಣ ಭಟ್ಟರು, ಸಾಮಗರು ಎದುರುಬದುರಾದ ಕ್ಯಾಸೆಟ್ಟುಗಳನ್ನು ಟೇಪು ಸವೆಯುವ ತನಕ ಕೇಳಿ ಬೆಳೆದವರು ನಾವು. ಯಾರ ಮಾತು ಎಷ್ಟು ಸೊಗಸಾಗಿತ್ತು ಎಂಬುದು ಆಮೇಲಿನ ಪ್ರಶ್ನೆ. ಯಾರು ಯಾರನ್ನು ಎಲ್ಲಿ ಕಟ್ಟಿಹಾಕಿದರು ಎಂಬುದು ಮೊದಲನೆಯದು.

ಒಂದು ರಾತ್ರಿಯದು ಈಗಲೂ ಕಿವಿಯಲ್ಲಿದೆ. ದೇವಸ್ಥಾನದ ಸಭಾಭವನ, ತಗಡಿನ ಮಾಡಿನ ಮೇಲೆ ಮಳೆ, ಮೈಕಿನ ಶಬ್ದ ಮೇಲೋ ಮಳೆಯದು ಮೇಲೋ ಎಂಬ ಸ್ಥಿತಿ. ಬಾಣ ತಾಗಿ ಬಿದ್ದ ವಾಲಿ ಕೇಳಿದರು: "ನಾನು ನಿನಗೆ ಪ್ರಜೆಯೋ, ಶತ್ರುವೋ, ಬೇಟೆಯೋ? ಒಂದನ್ನು ಹೇಳು. ಪ್ರಜೆಯಾದರೆ ವಿಚಾರಣೆ ಎಲ್ಲಿ? ಶತ್ರುವಾದರೆ ಯುದ್ಧ ಎಲ್ಲಿ? ಬೇಟೆಯಾದರೆ ಕೋತಿಯ ಮಾಂಸ ತಿನ್ನುವ ಕ್ಷತ್ರಿಯನನ್ನು ಎಲ್ಲಿ ಕಂಡಿದ್ದೀ?" ಸಭೆಗೆ ಸಭೆಯೇ ರಾಮನ ಕಡೆ ತಿರುಗಿತು. ರಾಮ ಅವಸರ ಮಾಡಲಿಲ್ಲ. ಶಾಲು ಸರಿ ಮಾಡಿಕೊಂಡರು. "ಪ್ರಶ್ನೆ ಕೇಳುವ ಹಕ್ಕನ್ನು ನಾನು ನಿನಗೆ ಕೊಟ್ಟಿದ್ದೇನೆ, ಕೇಳುತ್ತಿದ್ದೀ. ನಿನ್ನ ತಮ್ಮನ ಹೆಂಡತಿ ರುಮೆ ನಿನ್ನ ಅರಮನೆಯಲ್ಲಿ ಅತ್ತಾಗ ಅವಳಿಗೆ ಆ ಹಕ್ಕನ್ನು ನೀನು ಕೊಟ್ಟಿದ್ದೆಯಾ?" ಹಿಂದಿನ ಸಾಲಿನಿಂದ ಯಾರೋ "ಹ್ಞಾಂ" ಎಂದರು. ಹಾಡುವ ಭಾಗವತರ ಕೈ ಜಾಗಟೆಯ ಮೇಲೆ ಇತ್ತು, ಪದ್ಯ ಎತ್ತಬಹುದಿತ್ತು, ಎತ್ತಲಿಲ್ಲ. ಇನ್ನೂ ಉಂಟು ಎಂದು ಅವರಿಗೆ ಗೊತ್ತಿತ್ತು. ಮತ್ತೆ ಮುಕ್ಕಾಲು ಗಂಟೆ ನಡೆಯಿತು.

ಪ್ರಸಂಗದಲ್ಲಿ ಇದ್ದ ಹಾಗೆ ವಾಲಿ ಸತ್ತ. ಸಾಯುತ್ತಾನೆಂದು ಮೊದಲೇ ಎಲ್ಲರಿಗೂ ಗೊತ್ತು, ವಾಲಿಗೂ ಗೊತ್ತು. ಫಲಿತಾಂಶ ಮೊದಲೇ ತೀರ್ಮಾನವಾದ ಜಗಳದಲ್ಲಿ ಅಷ್ಟು ಬೆವರು. ಯಾರು ಗೆಲ್ಲುತ್ತಾರೆಂದು ಯಾರಿಗೂ ಗೊತ್ತಿಲ್ಲದ ಆಟದಲ್ಲಿ ಈ ಆಲ್‌ಸ್ಟಾರ್‌ನವರಿಗೆ ಬೆವರೇ ಇಲ್ಲ. ಮುಗಿದ ಮೇಲೆ ವಾಲಿಯೂ ರಾಮನೂ ಒಂದೇ ಪಂಕ್ತಿಯಲ್ಲಿ ಕೂತು ಉಂಡರು, ಉಪ್ಪಿನಕಾಯಿಯ ಭರಣಿಯನ್ನು ವಾಲಿಯೇ ರಾಮನ ಕಡೆ ದೂಡಿದ್ದನ್ನು ಕಂಡಿದ್ದೇನೆ. ಆಮೇಲೆ ಸಿಕ್ಕಿದ್ದು ಒಂದೊಂದು ಲಕೋಟೆ. ಅದರಲ್ಲಿ ಬಸ್ಸಿನ ಖರ್ಚು ಕಳೆದು ಎಷ್ಟು ಉಳಿಯುತ್ತಿತ್ತೋ. ಇಲ್ಲಿ ಆ ರಾತ್ರಿ ಗೆದ್ದವರಿಗೆ ತಲಾ 1,00,000 ಡಾಲರ್, ಸೋತವರಿಗೆ ತಲಾ 25,000.

ಇದನ್ನೆಲ್ಲ ಆಫೀಸಿನಲ್ಲಿ ಹೇಳಿದಾಗ ಹತ್ತಿರದ ಮೇಜಿನ ಗೆಳೆಯ ಒಪ್ಪಲಿಲ್ಲ. ಹುಟ್ಟಿದ್ದೇ ಇಲ್ಲಿ, ಈ ಊರಿನ ಎನ್‌ಬಿಎ ತಂಡ ಪೇಸರ್ಸ್‌ನ ಪಕ್ಕಾ ಅಭಿಮಾನಿ. ವರ್ಷಕ್ಕೆ 82 ಪಂದ್ಯ ಆಡುವವರು, ಫೆಬ್ರುವರಿಯ ಹೊತ್ತಿಗೆ ಮೈಯೆಲ್ಲ ನೋವು, ಲೆಕ್ಕಕ್ಕಿಲ್ಲದ ಪಂದ್ಯದಲ್ಲಿ ಕಾಲು ಮುರಿದುಕೊಂಡರೆ ತಂಡಕ್ಕೂ ನಷ್ಟ, ಒಪ್ಪಂದಕ್ಕೂ ನಷ್ಟ ಎಂದ. ಇದೆಲ್ಲ ಇದ್ದದ್ದೇ. ಹಾಗಾದರೆ 2020ರಲ್ಲಿ ಶಿಕಾಗೊದಲ್ಲಿ ಏನಾಯಿತು ಎಂದು ನಾನು ಕೇಳಿದೆ. ದೊಡ್ಡ ಆಟಗಾರ ಕೋಬಿ ಬ್ರಯಂಟ್ ತೀರಿಹೋದ ಮರುತಿಂಗಳು. ಕೊನೆಯ ಕ್ವಾರ್ಟರಿಗೆ ಗಡಿಯಾರ ತೆಗೆದು, ಮುಂದಿದ್ದ ತಂಡದ ಅಂಕಕ್ಕೆ ಅವನ ಅಂಗಿಯ ಸಂಖ್ಯೆ 24 ಸೇರಿಸಿ, 157 ಮೊದಲು ಮುಟ್ಟಿದವರು ಗೆದ್ದರು ಎಂದು ಇಟ್ಟರು. ಅದೇ ನಕ್ಷತ್ರಗಳು ಅಂಗಳದಲ್ಲಿ ಉರುಳಿದರು. ಕೈಲ್ ಲೌರಿ ಓಡಿಬರುವವರಿಗೆ ಎದೆಯೊಡ್ಡಿ ಬಿದ್ದ, ಯಾನಿಸ್ ಆಂಟೆಟೊಕೊಂಪೊ, ಲೆಬ್ರಾನ್ ಜೇಮ್ಸ್‌ನ ಎಸೆತವನ್ನೇ ಹೊಡೆದುಹಾಕಿದ. 157-155. ಹಾಗಾದರೆ ಆಡಲು ಬರುತ್ತದೆ, ಮನಸ್ಸಿಲ್ಲ ಅಷ್ಟೆ.

ಗೆಳೆಯ ಭುಜ ಹಾರಿಸಿದ. ಮುಂದಿನ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಾಲ್ಕು ತಂಡ ಮಾಡಿ, 40 ಅಂಕಕ್ಕೆ ಆಟ ಮುಗಿಸುವ ಹೊಸ ಕ್ರಮ ತಂದರು. ನಡುನಡುವೆ ಮಾತು, ಮನರಂಜನೆ, ಟಿವಿಯವರಿಗೆ ಗೌರವ ಸಮರ್ಪಣೆ. ಆಟಗಾರರು ಬದಿಯಲ್ಲಿ ನಿಂತು ಕಾಯುವುದು. ಅದನ್ನು ಟಿವಿಯಲ್ಲಿ ನೋಡುವಾಗ ನನಗೆ ಒಳಗೊಳಗೇ ಸ್ವಲ್ಪ ಕಸಿವಿಸಿಯಾಯಿತು, ಯಾಕೆಂದರೆ ಇದು ನಮ್ಮವರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ತಾಳಮದ್ದಳೆಯ ನಡುವೆ ಸನ್ಮಾನ ನುಗ್ಗಿಸುವುದು, ಶಾಲು, ಹಣ್ಣಿನ ಬುಟ್ಟಿ, ಫಲಕದ ಒಕ್ಕಣೆ ಓದುವುದು, ಶಾಸಕರು ಬರುವ ತನಕ ರಾಮ-ವಾಲಿ ಇಬ್ಬರೂ ಮೌನವಾಗಿ ಕೂರುವುದು. ಊರಿನ ಕಾರ್ಯಕ್ರಮಗಳ ವಿಡಿಯೊ ನೋಡಿದರೆ ಇನ್ನೊಂದು ರೋಗವೂ ಕಾಣುತ್ತದೆ. ದೊಡ್ಡ ಹೆಸರಿನವರನ್ನೇ ಸೇರಿಸಿದ ಕೂಟಗಳಲ್ಲಿ ಒಬ್ಬರು ಇನ್ನೊಬ್ಬರಿಗೆ "ತಮ್ಮಂಥವರ ಎದುರು ಕೂತದ್ದೇ ಪುಣ್ಯ" ಎಂದು ಉಪಚಾರ ಮಾಡುತ್ತಲೇ ಹೊತ್ತು ಕಳೆಯುವುದು. ಅದಕ್ಕೆ ವ್ಯತಿರಿಕ್ತವಾಗಿ, ಮಾತು ವೈಯಕ್ತಿಕಕ್ಕೆ ತಿರುಗಿ ಚಾಪೆಯಿಂದ ಎದ್ದುಹೋದವರೂ ಇದ್ದಾರೆ. ಅಪ್ಪನ ಮೆಚ್ಚಿನ ವಾಲಿಗೂ ಆ ಹೆಸರು ಇತ್ತು ಎನ್ನಿ.

ಇನ್ನೂ ಒಂದನ್ನು ಹೇಳಲೇಬೇಕು, ಹೇಳದಿದ್ದರೆ ಆ ಗೆಳೆಯ ಬಿಡುವುದಿಲ್ಲ. ಆ 2024ರ ಪಂದ್ಯದಲ್ಲಿ ಇಡೀ ಸ್ಟೇಡಿಯಂ ಕಿರುಚಿದ್ದು ಊರ ತಂಡ ಪೇಸರ್ಸ್‌ನ ಹುಡುಗ ಟೈರೀಸ್ ಹ್ಯಾಲಿಬರ್ಟನ್‌ಗೆ. ಜನವರಿಯಲ್ಲಿ ತೊಡೆಯ ಸ್ನಾಯು ನೋವಾಗಿ ಹೊರಗೆ ಕೂತು ಬಂದವನು. 65 ಪಂದ್ಯ ಆಡದಿದ್ದರೆ ವರ್ಷದ ಪ್ರಶಸ್ತಿಗಳಿಗೆ ಲೆಕ್ಕಕ್ಕಿಲ್ಲ ಎಂಬ ನಿಯಮ ಬಂದದ್ದೂ ಆ ಋತುವಿನಲ್ಲೇ. ಆ ರಾತ್ರಿ ಅವನು ಯಾರನ್ನೂ ತಡೆಯಲಿಲ್ಲ ಎಂದು ನಾನು ಬೈದಿದ್ದೆ. 2025ರ ಜೂನ್ 22ರಂದು ಒಕ್ಲಹೋಮ ಸಿಟಿಯಲ್ಲಿ ಫೈನಲ್ಸ್‌ನ ಏಳನೇ ಪಂದ್ಯ. ಮೀನಖಂಡ ಮೊದಲೇ ನೋಯುತ್ತಿತ್ತು, ಆದರೂ ಇಳಿದ. ಮೊದಲ ಕ್ವಾರ್ಟರಿನಲ್ಲೇ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದು, ನೆಲಕ್ಕೆ ಕೈ ಬಡಿಯುತ್ತ ಅತ್ತ. ಪೇಸರ್ಸ್ ಸೋತರು. ಮುಂದಿನ ಇಡೀ ಋತು ಅವನು ಆಡಲಿಲ್ಲ. ನಮ್ಮ ಅರ್ಥಧಾರಿಗಳಿಗೆ ಸವೆಯುವುದು ಗಂಟಲು. ಬಿಸಿನೀರು, ಕಲ್ಲುಸಕ್ಕರೆ, ನಾಳೆ ಮತ್ತೊಂದು ಊರು.

2026ರಲ್ಲಿ ಕ್ಯಾಲಿಫೋರ್ನಿಯಾದ ಇಂಗಲ್‌ವುಡ್‌ನಲ್ಲಿ ಅಮೆರಿಕದ ಎರಡು ತಂಡ, ಹೊರದೇಶದವರದೊಂದು ತಂಡ ಮಾಡಿ ಆಡಿಸಿದರು. ಫ್ರಾನ್ಸಿನ ಆ ಉದ್ದದ ಹುಡುಗ ವೆಂಬನ್ಯಾಮಾ ಶುರುವಿನಿಂದಲೇ ಮೈ ಮುರಿದು ಆಡಿದ, ಅವನನ್ನು ನೋಡಿ ಉಳಿದವರಿಗೂ ರೋಷ ಬಂತು. ಫೈನಲ್ ಒಂದು ಚಪ್ಪೆಯಾಯಿತು ಬಿಡಿ. ಆದರೆ ಮಗಳು ಸೋಫಾದಿಂದ ಎದ್ದು ನಿಂತು ನೋಡಿದಳು, ಫೋನು ಮುಟ್ಟಲಿಲ್ಲ. ಹೊರಗಿನಿಂದ ಬಂದವನೇ ಇವರಿಗೆ ಇವರ ಆಟ ನೆನಪಿಸಬೇಕಾಯಿತು ಎಂದು ನಾನು ಹೇಳಿದ್ದನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

2027ರದ್ದು ಫೀನಿಕ್ಸ್‌ನಲ್ಲಿ. ಅಲ್ಲಿರುವ ಸುಳ್ಯದ ಭಾವ ಈಗಲೇ ಕರೆಯುತ್ತಿದ್ದಾನೆ. ಬರುತ್ತೇನೆ, ಆದರೆ ಟಿಕೆಟು ಶನಿವಾರದ, ದೂರದಿಂದ ಎಸೆಯುವ ತ್ರೀ-ಪಾಯಿಂಟ್ ಸ್ಪರ್ಧೆಗೆ ಮಾತ್ರ ತೆಗೆ ಎಂದಿದ್ದೇನೆ. ಎನ್‌ಬಿಎಯ ಸ್ಟೆಫ್ ಕರಿಯೂ ಮಹಿಳಾ ಲೀಗಿನ ಸಬ್ರೀನಾ ಇಯೊನೆಸ್ಕುವೂ 2024ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಎದುರಾಗಿ 29-26ಕ್ಕೆ ಮುಗಿಸಿದ್ದರಲ್ಲ, ಅಂಥದ್ದಾದರೆ ದುಡ್ಡು ಕೊಟ್ಟು ನೋಡಬಹುದು. ಭಾನುವಾರ ಸಂಜೆ ಅವನ ಮನೆಯಲ್ಲೇ ವಾಲಿವಧೆ ಇಡೋಣ ಎಂದು ಮಾತಾಗಿದೆ. ಚೆಂಡೆ ಉಂಟು, ಭಾಗವತರು ಟೆಕ್ಸಾಸ್‌ನಿಂದ ಬರುತ್ತಾರೆ. ವಾಲಿಗೆ ನಾನು, ತಾನು ಎಂದು ಆಗಲೇ ಜಗಳ ಶುರುವಾಗಿದೆ. ಕೂತು ಉತ್ತರ ಕೊಡುವ ರಾಮನಿಗೆ ಮಾತ್ರ ಇನ್ನೂ ಯಾರೂ ಒಪ್ಪಿಲ್ಲ.